ಹಲಸಿನ ತೊಳೆ ಮತ್ತು ಬೀಜ: ಪೋಷಕಾಂಶಗಳ ತುಲನೆಯಲ್ಲಿ ಅಳತೆಗೋಲಿನ ಪ್ರಶ್ನೆ

"ಹಸಿದು ಹಲಸು, ಉಂಡು ಮಾವು" ಎಂಬ ಗಾದೆ ಕನ್ನಡಿಗರಿಗೆ ಚಿರಪರಿಚಿತವಾದುದು. ಹಸಿವನ್ನು ತಣಿಸುವ ಗುಣ ಹಲಸಿನ ತೊಳೆಗೆ ಇದೆಯೆಂಬ ಅನುಭವ ಅದರಲ್ಲಿ ಅಡಗಿದೆ. ಆದರೆ ತೊಳೆಯೊಳಗಿನ ಬೀಜಕ್ಕೆ ವ್ಯಾಪಾರದಲ್ಲಿ ಅಂತಹ ಮನ್ನಣೆ ದೊರೆತಿಲ್ಲ. ಮನೆಗಳಲ್ಲಿ ಹುಳಿ, ಪಲ್ಯಗಳಿಗೆ ಬಳಕೆಯಾಗುವ ಬೀಜ, ಹಣ್ಣನ್ನು ಸಂಸ್ಕರಿಸುವ ಎಷ್ಟೋ ಘಟಕಗಳಲ್ಲಿ ಕಸದ ಬುಟ್ಟಿಯನ್ನು ಸೇರುತ್ತದೆ. ಇತ್ತೀಚಿನ ವರ್ಷಗಳಲ್ಲಿ ಬೀಜದ ಹಿಟ್ಟನ್ನು ತಯಾರಿಸುವ ಸಣ್ಣ ಉದ್ದಿಮೆಗಳು ತಲೆಯೆತ್ತಿರುವುದರಿಂದ, ಪೋಷಣೆಯ ದೃಷ್ಟಿಯಲ್ಲಿ ತೊಳೆ ಹೆಚ್ಚೋ ಬೀಜ ಹೆಚ್ಚೋ ಎಂಬ ಪ್ರಶ್ನೆ ಅಡುಗೆಮನೆಯನ್ನು ದಾಟಿ ವ್ಯಾಪಾರದ ಪ್ರಶ್ನೆಯಾಗಿದೆ.

ಕೋಷ್ಟಕ ಹೇಳುವುದೇನು?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು ಭಾರತೀಯ ಆಹಾರಗಳ ಪೋಷಕಾಂಶಗಳ ಬಗ್ಗೆ ಪ್ರಕಟಿಸಿದ್ದ ಹಳೆಯ ಕೋಷ್ಟಕಗಳ ಪ್ರಕಾರ, ತಿನ್ನಬಹುದಾದ 100 ಗ್ರಾಂ ಭಾಗದಲ್ಲಿ ದೊರೆಯುವ ಅಂಶಗಳು ಹೀಗಿವೆ:

ತೇವಾಂಶ: ತೊಳೆ 76.2 ಗ್ರಾಂ, ಬೀಜ 64.5 ಗ್ರಾಂ
ಪ್ರೋಟೀನು: ತೊಳೆ 1.9 ಗ್ರಾಂ, ಬೀಜ 6.6 ಗ್ರಾಂ
ಕೊಬ್ಬು: ತೊಳೆ 0.1 ಗ್ರಾಂ, ಬೀಜ 0.4 ಗ್ರಾಂ
ಶರ್ಕರಪಿಷ್ಟ: ತೊಳೆ 19.8 ಗ್ರಾಂ, ಬೀಜ 25.8 ಗ್ರಾಂ
ಕ್ಯಾಲ್ಸಿಯಂ: ತೊಳೆ 20 ಮಿ.ಗ್ರಾಂ, ಬೀಜ 50 ಮಿ.ಗ್ರಾಂ
ಶಕ್ತಿ: ತೊಳೆ 88 ಕಿಲೋಕ್ಯಾಲೊರಿ; ಬೀಜ 133 ಕಿಲೋಕ್ಯಾಲೊರಿ

ಮೇಲ್ನೋಟಕ್ಕೆ ಬೀಜವೇ ಎಲ್ಲದರಲ್ಲೂ ಮುಂದು. ಶಕ್ತಿಯಲ್ಲಿ ಒಂದೂವರೆ ಪಟ್ಟು, ಪ್ರೋಟೀನಿನಲ್ಲಿ ಸುಮಾರು ಮೂರೂವರೆ ಪಟ್ಟು. ಆದರೆ ಈ ತೀರ್ಮಾನಕ್ಕೆ ಬರುವ ಮುನ್ನ ಕೋಷ್ಟಕದ ಮೊದಲ ಸಾಲನ್ನು ಮತ್ತೊಮ್ಮೆ ಓದಬೇಕು.

ನೀರನ್ನು ಕಳೆದು ನೋಡಿದಾಗ

ಎರಡು ವರ್ಷಗಳ ಲಾಭವನ್ನು ಹೋಲಿಸುವಾಗ ಎರಡನ್ನೂ ಒಂದೇ ಆಧಾರದ ಮೇಲೆ ಲೆಕ್ಕಹಾಕುವುದು ವಾಡಿಕೆ. ಆಹಾರದ ತುಲನೆಗೂ ಇದೇ ನಿಯಮ ಅನ್ವಯಿಸುತ್ತದೆ. 100 ಗ್ರಾಂ ತೊಳೆಯಲ್ಲಿ ನೀರನ್ನು ಕಳೆದರೆ ಉಳಿಯುವ ಒಣ ಪದಾರ್ಥ 23.8 ಗ್ರಾಂ, ಬೀಜದಲ್ಲಿ 35.5 ಗ್ರಾಂ. ಎರಡನ್ನೂ 100 ಗ್ರಾಂ ಒಣ ಪದಾರ್ಥಕ್ಕೆ ಪರಿವರ್ತಿಸಿದಾಗ ತೊಳೆಯ ಶಕ್ತಿ ಸುಮಾರು 370 ಕಿಲೋಕ್ಯಾಲೊರಿ, ಬೀಜದ ಶಕ್ತಿ ಸುಮಾರು 375 ಕಿಲೋಕ್ಯಾಲೊರಿ. ಅಂದರೆ ಶಕ್ತಿಯಲ್ಲಿ ಕಂಡ ವ್ಯತ್ಯಾಸ ಹೆಚ್ಚುಕಡಿಮೆ ಪೂರ್ಣವಾಗಿ ನೀರಿನದೇ ಹೊರತು ಪೋಷಣೆಯದಲ್ಲ.

ಪ್ರೋಟೀನಿನ ವ್ಯತ್ಯಾಸ ಮಾತ್ರ ಉಳಿಯುತ್ತದೆ. ಒಣ ಪದಾರ್ಥದಲ್ಲಿ ತೊಳೆಯ ಪ್ರೋಟೀನು ಶೇ. 8, ಬೀಜದ್ದು ಶೇ. 18.6, ಮೂರೂವರೆ ಪಟ್ಟು ಎಂದು ಕಂಡದ್ದು 2.3 ಪಟ್ಟಿಗೆ ಇಳಿಯುತ್ತದೆ. ಕ್ಯಾಲ್ಸಿಯಂ ಎರಡೂವರೆ ಪಟ್ಟಿನಿಂದ 1.7 ಪಟ್ಟಿಗೆ ಇಳಿಯುತ್ತದೆ. ಬೀಜದ ಮೇಲ್ಮೆ ನಿಜವಾದುದೇ. ಆದರೆ ಮೊದಲು ತೋರಿದಷ್ಟು ದೊಡ್ಡದಲ್ಲ.

ತೊಳೆಗೂ ತನ್ನದೇ ಆದ ಸ್ಥಾನವಿದೆ. ಮಾಗಿದ ತೊಳೆಯ ಶರ್ಕರಪಿಷ್ಟದಲ್ಲಿ ಸಕ್ಕರೆಯ ಅಂಶವೇ ಅಧಿಕ. ಬೀಜದಲ್ಲಿ ಪಿಷ್ಟ ಅಧಿಕ. ಹಳದಿ ತೊಳೆಯಲ್ಲಿ ಕಂಡುಬರುವಷ್ಟು ಕೆರೋಟಿನ್ ಬೀಜದಲ್ಲಿ ಇರುವುದಿಲ್ಲ. ಬೀಜವನ್ನು ಹಸಿಯಾಗಿ ತಿನ್ನುವುದೂ ಯೋಗ್ಯವಲ್ಲ. ಪ್ರೋಟೀನಿನ ಜೀರ್ಣಕ್ಕೆ ಅಡ್ಡಿಯಾಗುವ ಕೆಲವು ಅಂಶಗಳು ಹಸಿ ಬೀಜದಲ್ಲಿದ್ದು, ಬೇಯಿಸಿದಾಗ ಅಥವಾ ಹುರಿದಾಗ ಅವು ಬಹುಮಟ್ಟಿಗೆ ತಗ್ಗುತ್ತವೆ. ಆದುದರಿಂದ ಹಿಟ್ಟಿನ ಗುಣ ಅದರ ತಯಾರಿಕಾ ಕ್ರಮವನ್ನೂ ಅವಲಂಬಿಸಿದೆ.

ಚೀಟಿಯ ಮೇಲಿನ ಮಾತು

ತಯಾರಕರು ಎಡವುವ ಸಂಭವ ಹೆಚ್ಚಾಗಿರುವುದು ಇಲ್ಲಿಯೇ. ಶೇ. 10ರಷ್ಟು ತೇವಾಂಶ ಉಳಿದ ಬೀಜದ ಹಿಟ್ಟಿನಲ್ಲಿ, ಮೇಲಿನ ಲೆಕ್ಕದಂತೆ, 100 ಗ್ರಾಂಗೆ ಸುಮಾರು 16.7 ಗ್ರಾಂ ಪ್ರೋಟೀನು ಇರುತ್ತದೆ. ಇದನ್ನು ತಾಜಾ ತೊಳೆಯ 1.9 ಗ್ರಾಂನೊಡನೆ ಹೋಲಿಸಿ "ಹಣ್ಣಿಗಿಂತ ಸುಮಾರು ಒಂಬತ್ತು ಪಟ್ಟು ಪ್ರೋಟೀನು" ಎಂದು ಪೊಟ್ಟಣದ ಮೇಲೆ ಮುದ್ರಿಸುವುದು ಸುಲಭ. ಒಣಗಿಸಿದ ಪದಾರ್ಥವನ್ನು ನೀರು ತುಂಬಿದ ಪದಾರ್ಥದೊಡನೆ ತೂಗಿದ ಈ ಮಾತು ಗ್ರಾಹಕನನ್ನು ದಾರಿತಪ್ಪಿಸುತ್ತದೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ 53ನೇ ಕಲಮಿನಂತೆ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿದೆ.

ವಾಸ್ತವವಾಗಿ ಉತ್ಪ್ರೇಕ್ಷೆಯ ಅಗತ್ಯವೇ ಇಲ್ಲ. ಜಾಹೀರಾತು ಮತ್ತು ಹೇಳಿಕೆಗಳ ಕುರಿತ 2018ರ ನಿಯಮಾವಳಿಯ ಪ್ರಕಾರ, ಘನ ಆಹಾರದ 100 ಗ್ರಾಂನಲ್ಲಿ ದೈನಂದಿನ ಶಿಫಾರಸು ಪ್ರಮಾಣದ ಶೇ. 20ರಷ್ಟು ಪ್ರೋಟೀನು ಇದ್ದರೆ "ಪ್ರೋಟೀನು ಸಮೃದ್ಧ" ಎನ್ನಬಹುದು. ವಯಸ್ಕ ಪುರುಷನಿಗೆ 2020ರಲ್ಲಿ ಶಿಫಾರಸು ಮಾಡಲಾದ ಪ್ರಮಾಣ ದಿನಕ್ಕೆ 54 ಗ್ರಾಂ; ಅದರ ಶೇ. 20 ಎಂದರೆ 10.8 ಗ್ರಾಂ. ಉತ್ತಮವಾಗಿ ತಯಾರಿಸಿದ ಬೀಜದ ಹಿಟ್ಟು ಈ ಮಿತಿಯನ್ನು ಸತ್ಯದ ಬಲದಿಂದಲೇ ದಾಟಬಲ್ಲದು. ಆದರೆ ತಳಿ, ಮಣ್ಣು, ಮಾಗಿದ ಹಂತಗಳಿಗೆ ಅನುಗುಣವಾಗಿ ಅಂಕಿಗಳು ಬದಲಾಗುತ್ತವೆ. 2017ರಲ್ಲಿ ಅದೇ ಸಂಸ್ಥೆ ಹೊಸ ಕೋಷ್ಟಕಗಳನ್ನೂ ಹೊರತಂದಿದೆ. ಆದ್ದರಿಂದ ಪುಸ್ತಕದ ಅಂಕಿಯನ್ನು ನಂಬದೆ, ತಮ್ಮ ಮಾಲನ್ನೇ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷಿಸಿ ವರದಿಯನ್ನು ಕಡತದಲ್ಲಿಡುವುದು ವಿವೇಕ.

ಬೆಲೆಯ ಲೆಕ್ಕ

ತೇವಾಂಶವನ್ನು ಮರೆತರೆ ಬೆಲೆಯ ಲೆಕ್ಕವೂ ತಪ್ಪುತ್ತದೆ. 100 ಕಿಲೋ ತಾಜಾ ಬೀಜದಿಂದ ಶೇ. 10 ತೇವಾಂಶದ ಹಿಟ್ಟು ಹೆಚ್ಚೆಂದರೆ 39.4 ಕಿಲೋ ದೊರೆಯುತ್ತದೆ. ಸಿಪ್ಪೆ ಮತ್ತು ಬೀಸುವಾಗಿನ ನಷ್ಟವನ್ನು ಕಳೆದರೆ ಇನ್ನೂ ಕಡಿಮೆ. ಉದಾಹರಣೆಗೆ ಬೀಜದ ದರವನ್ನು ಕಿಲೋಗೆ 20 ರೂ. ಎಂದಿಟ್ಟುಕೊಂಡರೆ, ಒಂದು ಕಿಲೋ ಹಿಟ್ಟಿಗೆ ಕಚ್ಚಾ ಸಾಮಗ್ರಿಯ ವೆಚ್ಚವೊಂದೇ ಸುಮಾರು 51 ರೂ. ಆಗುತ್ತದೆ.

ತೊಳೆ ಮತ್ತು ಬೀಜ ಎರಡನ್ನೂ ಮಾರುವ ಘಟಕಕ್ಕೆ ಮತ್ತೊಂದು ಪ್ರಶ್ನೆಯಿದೆ: ಇಡೀ ಹಣ್ಣಿನ ಬೆಲೆಯನ್ನು ಇವೆರಡರ ನಡುವೆ ಹಂಚುವುದು ಹೇಗೆ? ದಾಸ್ತಾನು ಮೌಲ್ಯಮಾಪನಕ್ಕೆ ಸಂಬಂಧಿಸಿದ ಲೆಕ್ಕಪತ್ರ ಮಾನದಂಡ 2ರ ಪ್ರಕಾರ, ಎರಡೂ ಮುಖ್ಯ ಉತ್ಪನ್ನಗಳಾದರೆ ಮಾರಾಟ ಮೌಲ್ಯದಂತಹ ಸಮಂಜಸ ಆಧಾರದ ಮೇಲೆ, ವರ್ಷದಿಂದ ವರ್ಷಕ್ಕೆ ಒಂದೇ ಕ್ರಮದಲ್ಲಿ ಹಂಚಬೇಕು. ಬೀಜದ ಮೌಲ್ಯ ಗಣನೀಯವಲ್ಲದಿದ್ದರೆ ಅದನ್ನು ಉಪೋತ್ಪನ್ನವೆಂದು ತಿಳಿದು, ಮಾರಿದಾಗ ಕೈಸೇರಬಹುದಾದ ನಿವ್ವಳ ಮೊತ್ತವನ್ನು ತೊಳೆಯ ವೆಚ್ಚದಿಂದ ಕಳೆಯಬಹುದು. ನಿನ್ನೆಯವರೆಗೆ ಉಪೋತ್ಪನ್ನವಾಗಿದ್ದ ಬೀಜ, ಹಿಟ್ಟಿನ ವಹಿವಾಟು ಬೆಳೆದಂತೆ ಮುಖ್ಯ ಉತ್ಪನ್ನದ ಸಾಲಿಗೆ ಬರಬಹುದು. ಆಗಲೂ ಹಳೆಯ ಪದ್ಧತಿಯನ್ನೇ ಮುಂದುವರಿಸಿದರೆ ತೊಳೆಯ ವೆಚ್ಚ ಇರುವುದಕ್ಕಿಂತ ಕಡಿಮೆಯಾಗಿ ತೋರಿ, ಅದರ ಮಾರಾಟ ದರವನ್ನು ತಪ್ಪಾಗಿ ನಿಗದಿಪಡಿಸಿದಂತಾಗುತ್ತದೆ.

ಸಾರಾಂಶ

1. ತೊಳೆ ಮತ್ತು ಬೀಜಗಳನ್ನು ಹೋಲಿಸುವಾಗ ಎರಡರ ತೇವಾಂಶವನ್ನೂ ಒಂದೇ ಮಟ್ಟಕ್ಕೆ ತರಬೇಕು.
2. ಶಕ್ತಿಯಲ್ಲಿ ಎರಡೂ ಬಹುತೇಕ ಸಮ. ಪ್ರೋಟೀನಿನಲ್ಲಿ ಬೀಜವೂ ಕೆರೋಟಿನ್‌ನಲ್ಲಿ ತೊಳೆಯೂ ಮೇಲು.
3. ಪೊಟ್ಟಣದ ಮೇಲಿನ ಪ್ರತಿಯೊಂದು ಅಂಕಿಗೂ ಪರೀಕ್ಷಾ ವರದಿಯ ಆಧಾರವಿರಬೇಕು.
4. ಖರೀದಿ ದರವನ್ನು ತಾಜಾ ತೂಕದ ಮೇಲಲ್ಲ, ಕೈಗೆ ಬರುವ ಒಣ ತೂಕದ ಮೇಲೆ ನಿರ್ಧರಿಸಬೇಕು.

ಹಲಸಿನ ಬೀಜವು ಕಸವೂ ಅಲ್ಲ, ಪವಾಡವೂ ಅಲ್ಲ. ಸರಿಯಾದ ತಕ್ಕಡಿಯಲ್ಲಿ ತೂಗಿದಾಗ ಅದು ಉತ್ತಮ ಆಹಾರ, ಒಳ್ಳೆಯ ಸರಕು. ಅಷ್ಟನ್ನು ಪ್ರಾಮಾಣಿಕವಾಗಿ ಹೇಳುವ ಉದ್ದಿಮೆದಾರನಿಗೆ ಅದರ ಬೆಲೆ ದಕ್ಕದೆ ಇರದು.