ಸಿಸೇರಿಯನ್ ನಂತರದ ರಕ್ತಸ್ರಾವ: ಪುಣೆಗೆ ಹೊಸದಾಗಿ ಬಂದ ಕುಟುಂಬಗಳಿಗೆ

ಹೊಟ್ಟೆ ಕೊಯ್ದು ಮಗುವನ್ನು ತೆಗೆದರೂ ಗರ್ಭಕೋಶದಲ್ಲಿ ಮಾಸು ಅಂಟಿದ್ದ ಜಾಗ ಮಾಯಲೇಬೇಕು. ಹಾಗಾಗಿ ಸಿಸೇರಿಯನ್ ಆದವರಿಗೂ ರಕ್ತ ಹೋಗುತ್ತದೆ. ಮೊದಲ ಮೂರು-ನಾಲ್ಕು ದಿನ ಕೆಂಪು, ಆಮೇಲೆ ಕಂದು, ಹತ್ತು ದಿನ ಕಳೆದ ಮೇಲೆ ಹಳದಿ-ಬಿಳಿ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರದಲ್ಲಿ ನಿಲ್ಲುತ್ತದೆ. ಹಾಲೂಡಿಸುವಾಗ, ಬೆಳಿಗ್ಗೆ ಎದ್ದು ನಿಂತಾಗ ತುಸು ಹೆಚ್ಚು ಹೋದರೆ ಗಾಬರಿ ಬೇಡ.

ಆದರೆ ಒಂದೇ ಗಂಟೆಯಲ್ಲಿ ಪ್ಯಾಡ್ ಪೂರ್ತಿ ನೆನೆದರೆ, ನಿಂಬೆಹಣ್ಣಿನ ಗಾತ್ರದ ಗಡ್ಡೆ ಬಿದ್ದರೆ, ತಲೆ ಸುತ್ತಿದರೆ, ಎದೆ ಹೊಡೆದುಕೊಂಡರೆ ತಕ್ಷಣ ಆಸ್ಪತ್ರೆ ಸೇರಬೇಕು. ಸ್ರಾವದಿಂದ ದುರ್ವಾಸನೆ ಬಂದರೆ, ಜ್ವರ 100.4 ಡಿಗ್ರಿ ದಾಟಿದರೆ ಅದೇ ದಿನ ತೋರಿಸಬೇಕು. ಒಳಗೆ ಉಳಿದ ಮಾಸಿನ ಚೂರು, ಸೋಂಕು, ಸರಿಯಾಗಿ ಕುಗ್ಗದ ಗರ್ಭಕೋಶ ಅತಿಯಾದ ರಕ್ತಸ್ರಾವಕ್ಕೆ ಮುಖ್ಯ ಕಾರಣಗಳು. ಅಪರೂಪಕ್ಕೆ ಒಳಹೊಲಿಗೆಯ ಬಳಿಯ ರಕ್ತನಾಳಕ್ಕೆ ಆದ ಪೆಟ್ಟೂ ಕಾರಣವಾಗುತ್ತದೆ. ಹೆರಿಗೆಯಾಗಿ 12 ವಾರದವರೆಗೂ ಇಂಥ ತೊಂದರೆ ಕಾಣಿಸಿಕೊಳ್ಳಬಹುದು.

ಬಾಣಂತನಕ್ಕೆ ಊರಿನಿಂದ ಬಂದ ಹಿರಿಯರು ‘ಕೆಟ್ಟ ರಕ್ತ, ಹೋಗಲಿ ಬಿಡು’ ಅನ್ನುವುದುಂಟು. ಪ್ರೀತಿಯ ಮಾತೇ, ಆದರೆ ಅಪಾಯದ ಮಾತು; ಎಷ್ಟು ರಕ್ತ ಹೋಯಿತೆಂದು ಕಣ್ಣಂದಾಜಿನಿಂದ ತಿಳಿಯುವುದಿಲ್ಲ. 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ಸಹಜ ಹೆರಿಗೆಗಳ ಅಧ್ಯಯನ ನಡೆಯಿತು. ಹೋದ ರಕ್ತವನ್ನು ಅಲ್ಲಿ ಅಳತೆಯ ಗೆರೆಗಳಿದ್ದ ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದರು. ಕಣ್ಣಂದಾಜು ನಿಜಕ್ಕಿಂತ ಕಡಿಮೆ ತೋರಿಸುತ್ತದೆಂದು ವೈದ್ಯರಿಗೆ ಗೊತ್ತಿತ್ತು. ಗರ್ಭಕೋಶ ಕುಗ್ಗಿಸುವ ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿದವರಲ್ಲಿ ಅತಿಸ್ರಾವ ಶೇ 6.4, ನುಂಗದವರಲ್ಲಿ ಶೇ 12 ಎಂಬ ಫಲಿತಾಂಶ 2006ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಯಿತು. ಮನೆಯಲ್ಲಿ ಅಂಥ ಚೀಲ ಇರುವುದಿಲ್ಲ. ಅದಕ್ಕೇ ಪ್ಯಾಡ್ ಬದಲಿಸಿದ ಹೊತ್ತನ್ನು ಮನೆಯವರು ಯಾರಾದರೂ ಬರೆದಿಡಬೇಕು. ವೈದ್ಯರು ಮೊದಲು ಕೇಳುವುದೂ ಅದನ್ನೇ.

ಪುಣೆಯ ವಾಕಡ್, ಹಿಂಜವಡಿ, ಹಡಪ್ಸರ್ ಕಡೆ ಹೊಸದಾಗಿ ಮನೆ ಮಾಡಿದವರಿಗೆ ‘ರಾತ್ರಿ ಬಸ್ಸಿಗೆ ಹೊರಟು ಊರಿನ ಡಾಕ್ಟರಿಗೇ ತೋರಿಸೋಣ’ ಅನ್ನಿಸುವುದು ಸಹಜ. ಬೆಳಗಾವಿಯೇ ಮುನ್ನೂರು ಕಿಲೋಮೀಟರಿಗೂ ದೂರ. ರಕ್ತ ಹೋಗುತ್ತಿರುವಾಗ ಆ ಪ್ರಯಾಣ ಬೇಡ. ಹೆರಿಗೆಯಾದ ಆಸ್ಪತ್ರೆ ದೂರವಿದ್ದರೆ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಬೇಕು. 108ಕ್ಕೆ ಕರೆ ಮಾಡಿದರೆ ಉಚಿತವಾಗಿ ಆಂಬ್ಯುಲೆನ್ಸ್ ಬರುತ್ತದೆ. ರೈಲು ನಿಲ್ದಾಣದ ಬಳಿ ಸಸೂನ್ ಆಸ್ಪತ್ರೆಯಿದೆ, ಮಂಗಳವಾರ ಪೇಟೆಯಲ್ಲಿ ಪಾಲಿಕೆಯ ಕಮಲಾ ನೆಹರೂ ಆಸ್ಪತ್ರೆಯಿದೆ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಬಾಣಂತಿಗೆ 42 ದಿನದವರೆಗೆ ಔಷಧ, ಪರೀಕ್ಷೆ, ರಕ್ತ ಉಚಿತ.

ಮರಾಠಿ ಬಾರದಿದ್ದರೆ ಇಷ್ಟು ಹೇಳಿದರೂ ನರ್ಸ್‌ಗೆ ಅರ್ಥವಾಗುತ್ತದೆ: ‘ಸಿಝೇರಿಯನ್ ಝಾಲಂಯ್, ಅಂಗಾವರೂನ್ ಖೂಪ್ ಜಾತಂಯ್’ (ಸಿಸೇರಿಯನ್ ಆಗಿದೆ, ತುಂಬ ರಕ್ತ ಹೋಗುತ್ತಿದೆ). ಡಿಸ್ಚಾರ್ಜ್ ಕಾರ್ಡು, ರಕ್ತದ ಗುಂಪಿನ ಚೀಟಿ, ನುಂಗುತ್ತಿರುವ ಮಾತ್ರೆಗಳು ಒಂದೇ ಚೀಲದಲ್ಲಿ ಇರಲಿ. ರಕ್ತ ನಿಲ್ಲಿಸುವ ಮಾತ್ರೆಯನ್ನು ಮೆಡಿಕಲ್ ಶಾಪಿನಿಂದ ತಾವಾಗಿಯೇ ತಂದು ಕೊಡಬಾರದು.

ಆರು ವಾರ ಕಳೆದರೂ ಕೆಂಪು ಸ್ರಾವ ನಿಲ್ಲದಿದ್ದರೆ ವೈದ್ಯರನ್ನು ಕಾಣಬೇಕು. ತಿಂಗಳುಗಳ ನಂತರ ಪ್ರತಿ ಮುಟ್ಟು ಮುಗಿದ ಮೇಲೂ ಕಂದು ಸ್ರಾವ ಮುಂದುವರಿದರೆ, ಗರ್ಭಕೋಶದ ಹೊಲಿಗೆಯ ಜಾಗದಲ್ಲಿ ಗುಳಿ ಉಳಿದಿದೆಯೇ ಎಂದು ಸೋನೋಗ್ರಫಿಯಲ್ಲಿ ನೋಡುತ್ತಾರೆ. ಹೆರಿಗೆಯ ನಂತರ 180 ದಿನ ನುಂಗಬೇಕಾದ ಕಬ್ಬಿಣಾಂಶದ ಮಾತ್ರೆಯನ್ನು ರಕ್ತ ನಿಂತಿತೆಂದು ಅರ್ಧಕ್ಕೇ ಬಿಡಬಾರದು.