ಲ್ಯಾಪ್‌ಟಾಪ್ ಖರೀದಿ: ಎಷ್ಟು ಮೆಮೊರಿ ಬೇಕೆಂಬುದರ ಲೆಕ್ಕಾಚಾರ

ಲೆಕ್ಕಪತ್ರ ನಿರ್ವಹಣೆಗಾಗಿ ಲ್ಯಾಪ್‌ಟಾಪ್ ಖರೀದಿಸುವ ವರ್ತಕರು ಸಾಮಾನ್ಯವಾಗಿ ಬೆಲೆಯನ್ನು ವಿಚಾರಿಸುತ್ತಾರೆ, ಡಿಸ್ಕ್ ಎಷ್ಟು ದೊಡ್ಡದೆಂದು ಕೇಳುತ್ತಾರೆ. ಮೆಮೊರಿಯ ವಿಷಯವನ್ನು ಮಾತ್ರ ಮಾರಾಟಗಾರನ ವಿವೇಚನೆಗೆ ಬಿಟ್ಟುಬಿಡುತ್ತಾರೆ. ಜಿಎಸ್‌ಟಿ ರಿಟರ್ನ್ ಸಲ್ಲಿಕೆಯ ಕಡೆಯ ದಿನ ಯಂತ್ರವು ತೆವಳತೊಡಗಿದಾಗಲೇ ಈ ಅಲಕ್ಷ್ಯದ ಬೆಲೆ ತಿಳಿಯುವುದು.

ಡಿಸ್ಕ್ ಉಗ್ರಾಣವಾದರೆ, ರ‍್ಯಾಮ್ ಎಂಬ ಮೆಮೊರಿಯು ಗಿರಾಕಿಯ ಮುಂದಿರುವ ಕಟ್ಟೆ. ಕಟ್ಟೆ ಚಿಕ್ಕದಾದಷ್ಟೂ ಬಿಚ್ಚಿದ ಥಾನುಗಳನ್ನು ಉಗ್ರಾಣಕ್ಕೆ ಸಾಗಿಸಿ ಮತ್ತೆ ತರಬೇಕಾಗುತ್ತದೆ. ಮೆಮೊರಿ ಸಾಲದಾದಾಗ ವಿಂಡೋಸ್ ಮಾಡುವುದೂ ಇದನ್ನೇ. ತತ್ಕಾಲಕ್ಕೆ ಬೇಡವಾದುದನ್ನು ಡಿಸ್ಕಿನ ಪೇಜ್ ಫೈಲ್‌ಗೆ ವರ್ಗಾಯಿಸುತ್ತದೆ. ಎಸ್‌ಎಸ್‌ಡಿ ಬಂದ ಮೇಲೆ ಈ ಓಡಾಟ ಚುರುಕಾಗಿದೆಯಾದರೂ ಡಿಸ್ಕು ಮೆಮೊರಿಗೆ ಸಮನಾಗದು.

ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆ ನಿಗದಿಪಡಿಸಿದ ಕನಿಷ್ಠ ಮೆಮೊರಿ 4 ಜಿಬಿ. ಇದು ಯಂತ್ರ ಆರಂಭಗೊಳ್ಳಲು ಬೇಕಾದ ಪ್ರಮಾಣವೇ ಹೊರತು ಕೆಲಸ ಸಾಗಲು ಬೇಕಾದುದಲ್ಲ. ಅದೇ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಕೋಪೈಲಟ್ ಪ್ಲಸ್ ವರ್ಗದ ಯಂತ್ರಗಳಿಗೆ 16 ಜಿಬಿ ಕಡ್ಡಾಯ. ಆಪಲ್ ಸಹ ಅದೇ ವರ್ಷ ಮ್ಯಾಕ್‌ಬುಕ್ ಏರ್‌ನ ಆರಂಭಿಕ ಮೆಮೊರಿಯನ್ನು 8ರಿಂದ 16 ಜಿಬಿಗೆ ಏರಿಸಿತು.

ಆದರೆ ಪರರ ಅಳತೆಯ ಅಂಗಿ ಹೊಲಿಸುವುದು ಜಾಣತನವಲ್ಲ. ಈಗಿರುವ ಯಂತ್ರದಲ್ಲೇ ಅಳೆದು ನೋಡಬಹುದು. ಕೆಲಸದ ಒತ್ತಡವಿರುವ ದಿನ ಟ್ಯಾಲಿ, ಎಕ್ಸೆಲ್, ಜಿಎಸ್‌ಟಿ ಪೋರ್ಟಲ್, ಬ್ಯಾಂಕಿನ ಪುಟ ಎಲ್ಲವನ್ನೂ ತೆರೆದಿಟ್ಟು, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅಲ್ಲಿ ಮೆಮೊರಿಯ ಬಳಕೆ ಸದಾ ಶೇಕಡ 80ನ್ನು ಮೀರಿದ್ದರೆ ಕಟ್ಟೆ ಕಿರಿದೆಂದು ತಿಳಿಯತಕ್ಕದ್ದು. ಅರ್ಧವೂ ತುಂಬದಿದ್ದರೆ ನಿಧಾನಕ್ಕೆ ಕಾರಣ ಬೇರೆಡೆ ಇದೆ: ಹಳೆಯ ಹಾರ್ಡ್ ಡಿಸ್ಕ್ ಇರಬಹುದು, ಅಂತರ್ಜಾಲ ಸಂಪರ್ಕವಿರಬಹುದು, ಪೋರ್ಟಲ್ಲೇ ಇರಬಹುದು. 32 ಬಿಟ್‌ನ ಎಕ್ಸೆಲ್ ಬಳಸುವವರು ಇನ್ನೊಂದನ್ನೂ ಗಮನಿಸಬೇಕು. ಅದು 4 ಜಿಬಿಗಿಂತ ಹೆಚ್ಚನ್ನು ಬಳಸಲಾರದು. ಯಂತ್ರದಲ್ಲಿ 32 ಜಿಬಿ ಇದ್ದರೂ ಅಷ್ಟೇ.

ಬಿಲ್ಲಿಂಗ್ ಒಂದಕ್ಕೇ ಮೀಸಲಾದ ಯಂತ್ರಕ್ಕೆ 8 ಜಿಬಿ ಸಾಕು. ಲೆಕ್ಕ, ರಿಟರ್ನ್, ದೊಡ್ಡ ಎಕ್ಸೆಲ್ ಹಾಳೆಗಳು ಒಟ್ಟಿಗೆ ನಡೆಯುವ ಕಡೆ 16 ಜಿಬಿ ಸೂಕ್ತ. 32 ಜಿಬಿ ವಿನ್ಯಾಸ, ವಿಡಿಯೋ ಕೆಲಸದವರಿಗೆ. ಕಿರಾಣಿ ವರ್ತಕರಿಗೆ ಅದನ್ನು ಹೊರಿಸುವ ಮಾರಾಟಗಾರರೂ ಇಲ್ಲದಿಲ್ಲ.

ವೆಚ್ಚದ ಲೆಕ್ಕ ಹೀಗಿದೆ. ಹೆಚ್ಚುವರಿ 8 ಜಿಬಿಗೆ ರೂ. 4,000 ಎಂದೂ, ಯಂತ್ರದ ಆಯುಷ್ಯ 4 ವರ್ಷವೆಂದೂ, ವರ್ಷಕ್ಕೆ 300 ಕೆಲಸದ ದಿನಗಳೆಂದೂ ಇಟ್ಟುಕೊಂಡರೆ ದಿನಕ್ಕೆ ಸುಮಾರು ರೂ. 3.33 ಆಗುತ್ತದೆ. ತಿಂಗಳಿಗೆ ರೂ. 18,000 ಸಂಬಳದ ಗುಮಾಸ್ತರ ವೇಳೆ, 26 ದಿನ ಹಾಗೂ ದಿನಕ್ಕೆ 8 ಗಂಟೆಯ ಲೆಕ್ಕದಲ್ಲಿ, ನಿಮಿಷಕ್ಕೆ ರೂ. 1.44. ದಿನಕ್ಕೆ ಎರಡೂವರೆ ನಿಮಿಷ ಉಳಿದರೂ ವೆಚ್ಚ ತೀರಿತು.

ತೆರಿಗೆಯ ಮುಖವೂ ಉಂಟು. ಲ್ಯಾಪ್‌ಟಾಪ್ ಮೇಲಿನ ಜಿಎಸ್‌ಟಿ ಶೇಕಡ 18. ತೆರಿಗೆಗೊಳಪಟ್ಟ ವ್ಯವಹಾರಕ್ಕೆ ಬಳಸುವ ನೋಂದಾಯಿತ ವರ್ತಕರು ಇದನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಬಹುದು. ಕಾಂಪೊಸಿಷನ್ ವರ್ತಕರಿಗೆ ಆ ಸೌಲಭ್ಯವಿಲ್ಲ. ಆದರೆ ತೆರಿಗೆಯ ಮೊತ್ತವನ್ನೂ ಸ್ವತ್ತಿನ ಬೆಲೆಗೆ ಸೇರಿಸಿ ಸವಕಳಿ ಪಡೆದರೆ ಕ್ರೆಡಿಟ್ ದೊರೆಯದು. ಆದಾಯ ತೆರಿಗೆಯಲ್ಲಿ ಸವಕಳಿ ದರ ಶೇಕಡ 40. ಖರೀದಿಯ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ.

ಖರೀದಿಗೆ ಮುನ್ನ ವಿಚಾರಿಸಬೇಕಾದ ಮುಖ್ಯ ಸಂಗತಿಯೆಂದರೆ, ಮೆಮೊರಿಯನ್ನು ಮದರ್‌ಬೋರ್ಡಿಗೆ ಬೆಸುಗೆ ಹಾಕಲಾಗಿದೆಯೇ ಎಂಬುದು. ತೆಳುವಾದ ಅನೇಕ ಮಾದರಿಗಳಲ್ಲಿ ಹಾಗಿರುತ್ತದೆ, ಮುಂದೆ ಹೆಚ್ಚಿಸಲಾಗದು. ಅಂಥದ್ದನ್ನು ಕೊಳ್ಳುವವರು ನಾಲ್ಕನೆಯ ವರ್ಷದ ಅಗತ್ಯವನ್ನು ಇಂದೇ ಊಹಿಸಿ ಕೊಳ್ಳಬೇಕು. ಖಾಲಿ ಸ್ಲಾಟ್ ಇದ್ದರೆ 8 ಜಿಬಿಯಿಂದ ಆರಂಭಿಸಬಹುದು. ಆದರೆ ಮುಂದೆ ಅಗ್ಗವಾದೀತೆಂಬ ಭರವಸೆ ಬೇಡ; ಎಐ ಸರ್ವರುಗಳ ಬೇಡಿಕೆಯಿಂದ 2025ರ ಕೊನೆಯಲ್ಲಿ ಮೆಮೊರಿ ಬೆಲೆ ತೀವ್ರವಾಗಿ ಏರಿತ್ತು. ಸ್ಲಾಟ್‌ಗಳ ಸಂಖ್ಯೆ, ಅಳವಡಿಸಬಹುದಾದ ಗರಿಷ್ಠ ಮೆಮೊರಿ, ಮುಂದೆ ಮೆಮೊರಿ ಸೇರಿಸಿದರೆ ವಾರಂಟಿ ಉಳಿಯುವುದೇ ಎಂಬ ಮೂರನ್ನೂ ಕೊಟೇಶನ್‌ನಲ್ಲಿಯೇ ಬರೆಸಿಕೊಳ್ಳತಕ್ಕದ್ದು.