ಮೋರಿ ಬಿಡಿಸುವ ಮೆಷಿನ್: ಕೈಗೆ ಪೆಟ್ಟಾಗದಂತೆ ನಡೆಸುವ ಕ್ರಮ

ಅಡುಗೆಮನೆಯ ಪೈಪಿನಲ್ಲಿ ಜಿಡ್ಡು ಹೆಪ್ಪುಗಟ್ಟಿದಾಗ, ಬಚ್ಚಲ ಜಾಲರಿಯ ಕೆಳಗೆ ಕೂದಲು ಗಂಟಾದಾಗ, ಹಿತ್ತಲ ಚೇಂಬರಿಗೆ ಮರದ ಬೇರು ನುಗ್ಗಿದಾಗ ಪ್ಲಂಬರುಗಳು ಹೊತ್ತು ತರುವ ಸ್ಪ್ರಿಂಗ್ ಮೆಷಿನ್ನನ್ನು ನೀವು ನೋಡಿರುತ್ತೀರಿ. ಒಂದು ಮೋಟಾರು, ಅದು ತಿರುಗಿಸುವ ಡ್ರಮ್ಮು, ಡ್ರಮ್ಮಿನೊಳಗೆ ಸುತ್ತಿಟ್ಟ ಉಕ್ಕಿನ ಕೇಬಲ್, ಅದರ ತುದಿಗೊಂದು ಹೆಡ್, ಕಾಲಲ್ಲಿ ಒತ್ತುವ ಸ್ವಿಚ್ಚು. ಇಷ್ಟೇ. 1930ರ ದಶಕದಲ್ಲಿ ಅಮೆರಿಕದ ಅಯೋವಾ ರಾಜ್ಯದಲ್ಲಿ ಸ್ಯಾಮ್ಯುಯೆಲ್ ಬ್ಲಾಂಕ್ ಎಂಬಾತ ಮಗನ ಮನೆಯ ಚರಂಡಿ ಬಿಡಿಸಲು ಬಟ್ಟೆ ಒಗೆಯುವ ಯಂತ್ರದ ಮೋಟಾರಿಗೆ ಕೇಬಲ್ ಜೋಡಿಸಿಕೊಂಡ. ಇವತ್ತಿನ ಮೆಷಿನ್‌ಗಳೂ ಅದೇ ತತ್ವದ ಮೇಲೆ ನಡೆಯುತ್ತವೆ.

ಹೊಸಬರು ಕರೆಂಟಿಗೆ ಹೆದರುತ್ತಾರೆ, ಕೇಬಲ್ಲಿಗೆ ಹೆದರುವುದಿಲ್ಲ. ಕರೆಂಟಿನ ಭಯ ಸರಿಯೇ; ಆದರೆ ಈ ಕೆಲಸದಲ್ಲಿ ಬೆರಳು, ಮಣಿಕಟ್ಟು ಮುರಿಯುವುದು ಕೇಬಲ್ಲಿನಿಂದ. ಒದ್ದೆ ಸೀರೆಯ ಒಂದು ತುದಿಯನ್ನು ಒಬ್ಬರು ಗಟ್ಟಿಯಾಗಿ ಹಿಡಿದು ಇನ್ನೊಬ್ಬರು ಆ ಕಡೆಯಿಂದ ಹಿಂಡುತ್ತ ಹೋದರೆ, ಒಂದು ಹಂತದಲ್ಲಿ ಸೀರೆ ನಡುವೆ ಮಡಿಚಿ ತನ್ನ ಮೇಲೆ ತಾನೇ ಸುತ್ತಿಕೊಳ್ಳುತ್ತದಲ್ಲ, ಪೈಪಿನೊಳಗೆ ಹೆಡ್ ಸಿಕ್ಕಿಕೊಂಡ ಮೇಲೂ ಮೋಟಾರು ತಿರುಗುತ್ತಿದ್ದರೆ ಆಗುವುದು ಅದೇ. ಇಲ್ಲಿ ಸುತ್ತಿಕೊಳ್ಳುವುದು ಉಕ್ಕು, ಅದರ ನಡುವೆ ಇರುವುದು ನಿಮ್ಮ ಕೈ. ಮುಂದೆ ಹೇಳುವ ಹಂತಗಳಲ್ಲಿ ಹೆಚ್ಚಿನವು ಆ ತಿರುಚು ಏರದಂತೆ ನೋಡಿಕೊಳ್ಳುವುದಕ್ಕೇ ಇವೆ.

ಹಂತ 1: ಕಟ್ಟಿರುವುದು ಎಲ್ಲಿ?

ಮೆಷಿನ್ ಹೊರತೆಗೆಯುವ ಮೊದಲು ಮನೆಯೊಳಗೆ ಒಂದು ಸುತ್ತು ಹಾಕಿ. ಸಿಂಕ್ ಒಂದೇ ಕಟ್ಟಿದ್ದರೆ ತೊಂದರೆ ಆ ಕವಲಿನಲ್ಲಿದೆ. ಮೇಲಿನ ಮಹಡಿಯಲ್ಲಿ ನೀರು ಬಿಟ್ಟಾಗ ಕೆಳಗಿನ ಬಚ್ಚಲಲ್ಲಿ ಉಕ್ಕುತ್ತಿದ್ದರೆ ಅದು ಮುಖ್ಯ ಲೈನು. ಹೊರಗಿನ ಚೇಂಬರಿನ ಮುಚ್ಚಳ ಎತ್ತಿ ನೋಡಿ: ತುಂಬಿ ನಿಂತಿದ್ದರೆ ಅಡ್ಡಿ ಚೇಂಬರಿನಿಂದ ಆಚೆಗೆ, ಒಣಗಿದ್ದರೆ ಮನೆಗೂ ಚೇಂಬರಿಗೂ ನಡುವೆ.

ಮುಚ್ಚಳ ಎತ್ತುವಾಗ ಮುಖ ಹಿಂದಕ್ಕಿರಲಿ. ಸ್ವಲ್ಪ ಹೊತ್ತು ಗಾಳಿಯಾಡಲು ಬಿಡಿ. ಬೀಡಿ, ಬೆಂಕಿಕಡ್ಡಿ ಹತ್ತಿರ ಸುಳಿಯಬಾರದು, ಅಲ್ಲಿ ಹತ್ತಿ ಉರಿಯುವ ಮೀಥೇನ್ ಇರಬಹುದು. ಅದಕ್ಕಿಂತ ಮೋಸದ್ದು ಹೈಡ್ರೋಜನ್ ಸಲ್ಫೈಡ್. ಕೊಳೆತ ಮೊಟ್ಟೆಯ ವಾಸನೆಯ ಈ ಅನಿಲ ಗಾಳಿಗಿಂತ ಭಾರ, ತಳದಲ್ಲೇ ನಿಲ್ಲುತ್ತದೆ. ಪ್ರಮಾಣ ಹೆಚ್ಚಿದರೆ ಮೂಗಿನ ಶಕ್ತಿಯನ್ನೇ ಅಡಗಿಸುತ್ತದೆ. ‘ಈಗ ವಾಸನೆ ಹೋಯಿತು’ ಎಂದುಕೊಂಡು ಇಳಿದವರು ಅಲ್ಲೇ ಕುಸಿಯುತ್ತಾರೆ, ಎತ್ತಲು ಇಳಿದವರೂ ಕುಸಿಯುತ್ತಾರೆ. ಆದ್ದರಿಂದ ಮ್ಯಾನ್‌ಹೋಲಿಗೆ, ಸೆಪ್ಟಿಕ್ ಟ್ಯಾಂಕಿಗೆ, ಆಳವಾದ ಚೇಂಬರಿಗೆ ನೀವೂ ಇಳಿಯಬೇಡಿ, ಯಾರನ್ನೂ ಇಳಿಸಬೇಡಿ, ಎಷ್ಟು ದುಡ್ಡು ಕೊಟ್ಟರೂ. 2013ರ ಮಲಹೊರುವ ಪದ್ಧತಿ ನಿಷೇಧ ಕಾಯ್ದೆಯ ಪ್ರಕಾರ ರಕ್ಷಣಾ ಸಾಧನಗಳಿಲ್ಲದೆ ಚರಂಡಿ, ಸೆಪ್ಟಿಕ್ ಟ್ಯಾಂಕಿಗೆ ಜನರನ್ನು ಇಳಿಸುವುದು ಅಪರಾಧ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ ಕೊಡುವ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರಲ್ಲಿ 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿತು. ಪರಿಹಾರ ಏರಿತು ಎಂದು ಸಮಾಧಾನಪಡುವ ಮಾತು ಇದಲ್ಲ. ಸಾವು ನಿಲ್ಲಬೇಕಿತ್ತು. ಈ ಮೆಷಿನ್ ಕಲಿಯುವುದರ ದೊಡ್ಡ ಕಾರಣವೂ ನನ್ನ ಮಟ್ಟಿಗೆ ಅದೇ: ಕೇಬಲ್ ಇಳಿದರೆ ಮನುಷ್ಯ ಇಳಿಯಬೇಕಾಗಿಲ್ಲ.

ರಸ್ತೆಯ ಮ್ಯಾನ್‌ಹೋಲ್ ಉಕ್ಕುತ್ತಿದ್ದರೆ ಅದು ನಿಮ್ಮ ಕೆಲಸವೂ ಅಲ್ಲ, ನಿಮ್ಮ ಮೆಷಿನ್ನಿನದೂ ಅಲ್ಲ. ಬೆಂಗಳೂರಿನವರು ಜಲಮಂಡಳಿಯ 1916ಕ್ಕೆ ಕರೆ ಮಾಡಿ. ಬೇರೆ ಊರಿನವರು ನಗರಸಭೆಗೆ, ಪಂಚಾಯಿತಿಗೆ ತಿಳಿಸಿ.

ಹಂತ 2: ಆಸಿಡ್ ಸುರಿದಿದ್ದಾರಾ ಎಂದು ಕೇಳಿ

ಪೈಪ್ ಕಟ್ಟಿದ ಕೂಡಲೇ ಆಸಿಡ್ಡೋ ಕಾಸ್ಟಿಕ್ ಪುಡಿಯೋ ಸುರಿಯುವ ರೂಢಿ ನಮ್ಮ ಮನೆಗಳಲ್ಲಿ ಗಟ್ಟಿಯಾಗಿದೆ. ತಿರುಗುವ ಕೇಬಲ್ ಆ ನೀರನ್ನು ನೇರವಾಗಿ ನಿಮ್ಮ ಮುಖಕ್ಕೆ ಎರಚುತ್ತದೆ. ಮನೆಯವರನ್ನು ಬಿಡಿಸಿ ಕೇಳಿ. ಸುರಿದದ್ದು ಹೌದಾದರೆ, ಕಟ್ಟಿದ ಪೈಪಿನಲ್ಲಿ ಅದು ಇನ್ನೂ ನಿಂತಿದ್ದರೆ, ಅವತ್ತು ಮೆಷಿನ್ ಹಾಕಬೇಡಿ. ಆಸಿಡ್ ಮೇಲೆ ಬ್ಲೀಚಿಂಗ್ ಪುಡಿ ಹಾಕಿದ್ದರೆ ಕ್ಲೋರಿನ್ ಏಳುತ್ತದೆ. ಕಿಟಕಿ ತೆರೆದು ಎಲ್ಲರೂ ಹೊರಗೆ ಬನ್ನಿ.

ಹಂತ 3: ಪೈಪಿಗೆ ತಕ್ಕ ಕೇಬಲ್, ಅಡ್ಡಿಗೆ ತಕ್ಕ ಹೆಡ್

ಸಿಂಕು, ವಾಶ್‌ಬೇಸಿನ್ನಿನ ಸಣ್ಣ ಪೈಪಿಗೆ 8 ಮಿಲಿಮೀಟರ್ ಕೇಬಲ್ ಸಾಕು. ಬಚ್ಚಲಿನ 75 ಮಿಲಿಮೀಟರ್ ಪಿವಿಸಿಗೆ 10ರಿಂದ 13 ಇರಲಿ. ಶೌಚಾಲಯದ 110 ಮಿಲಿಮೀಟರ್ ಲೈನು, ಹೊರಗಿನ 150ರ ಪೈಪುಗಳಿಗೆ 16 ಅಥವಾ 22. ದೊಡ್ಡ ಪೈಪಿಗೆ ಸಣ್ಣ ಕೇಬಲ್ ಬಿಟ್ಟರೆ ಅದು ಒಳಗೇ ಮಡಿಚಿ ಗಂಟಾಗುತ್ತದೆ. ಸಣ್ಣ ಪೈಪಿಗೆ ದೊಡ್ಡ ಕೇಬಲ್ ತುರುಕಿದರೆ ಬೆಂಡಿನಲ್ಲಿ ಸಿಕ್ಕಿಬೀಳುತ್ತದೆ.

ಹೆಡ್ ವಿಷಯದಲ್ಲಿ ಅವಸರ ಬೇಡ. ಮೊದಲ ಸಲ ಪೈಪಿಗಿಂತ ಸಾಕಷ್ಟು ಸಣ್ಣದಾದ, ಬರಿಯ ಸುರುಳಿಯ ಹೆಡ್ ಬಿಟ್ಟು ನೀರಿಗೆ ಒಂದು ದಾರಿ ಮಾಡಿಕೊಡಿ. ಆಮೇಲೆ ಜಿಡ್ಡಿಗೆ ಅಗಲದ ಕಟರ್, ಬೇರಿಗೆ ಹಲ್ಲಿನ ಕಟರ್. ಮೊದಲೇ ಹಲ್ಲಿನ ಕಟರ್ ನುಗ್ಗಿಸಿದರೆ ಅದು ಬೇರಿನಲ್ಲಿ ಕಚ್ಚಿಕೊಂಡು ಬಿಡುವುದಿಲ್ಲ.

ಎಲ್ಲಿಂದ ಬಿಡಬೇಕೆಂಬುದೂ ಮುಖ್ಯ. ಸಿಂಕಿನ ಕೆಳಗಿನ ಬಾಟಲ್ ಟ್ರ್ಯಾಪ್ ಬಿಚ್ಚಿಬಿಡಿ. ಬಚ್ಚಲಲ್ಲಿ ಜಾಲರಿಯನ್ನೂ ನಹನಿ ಟ್ರ್ಯಾಪಿನ ಕಪ್ಪನ್ನೂ ಎತ್ತಿಡಿ; ಎಷ್ಟೋ ಸಲ ಕೂದಲು, ಶಾಂಪೂ ಪ್ಯಾಕೆಟ್ಟಿನ ಹರಿದ ಮೂಲೆಗಳೆಲ್ಲ ಅಲ್ಲೇ ಕೈಗೆ ಸಿಕ್ಕಿ ಮೆಷಿನ್ನಿನ ಕೆಲಸವೇ ಉಳಿಯುವುದಿಲ್ಲ. ಕಮೋಡಿನೊಳಗೆ ಪವರ್ ಮೆಷಿನ್ ಬಿಡಬೇಡಿ, ಪಿಂಗಾಣಿ ಗೀರುತ್ತದೆ, ಒಡೆಯುತ್ತದೆ. ಅದಕ್ಕೆ ಕೈಯಲ್ಲಿ ತಿರುಗಿಸುವ ಆಗರ್ ಬೇರೆಯೇ ಇದೆ. ಗೋಡೆಯ ಮೇಲಿನ ಲೈನಿನಲ್ಲಿ ಮುಚ್ಚಳವಿರುವ ಡೋರ್ ಬೆಂಡ್, ಡೋರ್ ಟೀ ಇದ್ದರೆ ಅಲ್ಲಿಂದ ಕೆಲಸ ಸಲೀಸು. ಆದರೆ ಅದರ ಮುಚ್ಚಳವನ್ನು ಪಕ್ಕಕ್ಕೆ ನಿಂತು ನಿಧಾನವಾಗಿ ಸಡಿಲಿಸಿ. ಮಹಡಿಯ ತನಕ ನಿಂತ ನೀರೆಲ್ಲ ಅದರ ಹಿಂದೆ ಕಾಯುತ್ತಿರುತ್ತದೆ.

ಹಂತ 4: ಮೈಮೇಲಿನ ಉಡುಪು

ಒಳಗೆ ತೆಳು ರಬ್ಬರ್ ಗ್ಲೌಸು, ಮೇಲೆ ಕೈಗೆ ಬಿಗಿಯಾಗಿ ಕೂರುವ ಗಟ್ಟಿ ಚರ್ಮದ ಗ್ಲೌಸು. ಮೆಷಿನ್ ಕಂಪನಿ ತನ್ನದೇ ಗ್ಲೌಸು ಕೊಟ್ಟಿದ್ದರೆ ಅದನ್ನೇ ಹಾಕಿಕೊಳ್ಳಿ. ನೂಲಿನ ಗ್ಲೌಸು, ಕೈಗೆ ಸುತ್ತಿದ ಬಟ್ಟೆ, ಗೋಣಿಚೀಲದ ತುಂಡು ಯಾವುದೂ ಬೇಡ. ಕೇಬಲ್ಲಿನ ಸುರುಳಿಯ ಸಂದಿಗೆ ಒಂದು ಎಳೆ ಸಿಕ್ಕಿದರೂ ಸಾಕು, ಬಟ್ಟೆಯೊಂದಿಗೆ ಕೈಯನ್ನೂ ಸುತ್ತಿಕೊಳ್ಳುತ್ತದೆ. ಇದೇ ಕಾರಣಕ್ಕೆ ಟವೆಲ್, ದುಪಟ್ಟ, ಸಡಿಲ ತೋಳು, ಕೈದಾರ, ಬಳೆ, ಉಂಗುರ, ಕುತ್ತಿಗೆಯ ಸರ ತೆಗೆದಿಡಿ. ಉದ್ದ ಕೂದಲನ್ನು ಮೇಲಕ್ಕೆ ಕಟ್ಟಿ. ಕಣ್ಣಿಗೆ ಕನ್ನಡಕ, ಮೂಗು ಬಾಯಿಗೆ ಮಾಸ್ಕ್, ಕಾಲಿಗೆ ರಬ್ಬರ್ ಗಮ್‌ಬೂಟ್. ಚಪ್ಪಲಿಯಲ್ಲಿ ಈ ಕೆಲಸ ಮಾಡಬೇಡಿ.

ಮೆಷಿನ್ನಿಗೆ ಸಾವಿರಾರು ರೂಪಾಯಿ ಸುರಿದು ಹುಡುಗನ ಬರಿಗೈಗೆ ಕೇಬಲ್ ಕೊಡುವ ಮೇಸ್ತ್ರಿಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಗ್ಲೌಸು ಮೆಷಿನ್ನಿನ ಬೆಲೆಯ ಭಾಗ ಎಂದೇ ಲೆಕ್ಕ ಹಾಕಿ ಕೊಳ್ಳಬೇಕು.

ಹಂತ 5: ಕರೆಂಟು, ಮೆಷಿನ್ ನಿಲ್ಲುವ ಜಾಗ

ಮೂರು ಪಿನ್ನಿನ ಪ್ಲಗ್ಗು, ಅರ್ಥಿಂಗ್ ಇರುವ ಸಾಕೆಟ್ಟು. ಎರಡು ಪಿನ್ನಿಗೆ ಇಳಿಸುವ ಕನ್ವರ್ಟರ್ ಬೇಡ. ಮನೆಯ ಬೋರ್ಡಿನಲ್ಲಿ 30 ಮಿಲಿಆಂಪಿನ ಆರ್‌ಸಿಸಿಬಿ ಇದೆಯೇ ನೋಡಿ, ಅದರ ಟೆಸ್ಟ್ ಗುಂಡಿ ಒತ್ತಿ. ಟ್ರಿಪ್ ಆದರೆ ಸರಿಯಿದೆ. ಎಂಸಿಬಿ ಇದ್ದರೆ ಸಾಕು ಎಂದುಕೊಳ್ಳಬೇಡಿ; ಅದು ವೈರನ್ನು ಕಾಯುತ್ತದೆ, ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ. ಮನೆಯಲ್ಲಿ ಇಲ್ಲದಿದ್ದರೆ ಪ್ಲಗ್ಗಿಗೇ ಹಾಕುವಂಥದ್ದನ್ನು ನಿಮ್ಮ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಿ. ಎಕ್ಸ್‌ಟೆನ್ಷನ್ ವೈರಿನ ಜೋಡಣೆ ನೀರಿನಿಂದ ದೂರ, ನೆಲದಿಂದ ಮೇಲೆ ಇರಲಿ. ಒದ್ದೆ ಕೈಯಲ್ಲಿ ಪ್ಲಗ್ ಮುಟ್ಟಬೇಡಿ.

ಮೆಷಿನ್ನನ್ನು ಪೈಪಿನ ಬಾಯಿಗೆ ಒಂದೆರಡು ಅಡಿಯೊಳಗೆ ಇರಿಸಿ. ಹೊರಗೆ ಕಾಣುವ ಕೇಬಲ್ ಉದ್ದವಾದಷ್ಟೂ ಅದು ಹೊಡೆಯುವ, ಮಡಿಚುವ ಜಾಗ ಹೆಚ್ಚು. ಅಷ್ಟು ಹತ್ತಿರ ತರಲಾಗದಿದ್ದರೆ ಕಂಪನಿಯ ಗೈಡ್ ಪೈಪನ್ನು ನಡುವೆ ಜೋಡಿಸಿ. ಕಾಲಿನ ಸ್ವಿಚ್ಚನ್ನು ಕೇಬಲ್ ಹಿಡಿದು ನಿಂತಲ್ಲಿಂದಲೇ ಒತ್ತುವಂತಿರಬೇಕು. ಪ್ಲಗ್ ಹಾಕಿ, ಕೇಬಲ್ ಮುಟ್ಟದೆ ಒಮ್ಮೆ ಒತ್ತಿ ಬಿಡಿ: ಕಾಲು ತೆಗೆದ ಕೂಡಲೇ ಮೋಟಾರು ನಿಲ್ಲುತ್ತದೆಯೇ? ನಿಲ್ಲದಿದ್ದರೆ, ಅಥವಾ ಕಾಲ್‌ಸ್ವಿಚ್ಚನ್ನು ಯಾರೋ ಕಿತ್ತು ಡೈರೆಕ್ಟ್ ಮಾಡಿದ್ದರೆ, ಆ ಮೆಷಿನ್ ಮುಟ್ಟಬೇಡಿ.

ಸ್ವಿಚ್ಚು ಒಬ್ಬರ ಕಾಲಲ್ಲಿ, ಕೇಬಲ್ ಇನ್ನೊಬ್ಬರ ಕೈಯಲ್ಲಿ ಇರಬಾರದು. ಕೇಬಲ್ ಕೈಯಲ್ಲಿ ಎದ್ದದ್ದು ಗೊತ್ತಾಗುವುದು ಹಿಡಿದವನಿಗೆ, ಅವನೇ ಕಾಲು ತೆಗೆಯಬೇಕು. ‘ನಿಲ್ಸೋ’ ಎಂದು ಕೂಗುವಷ್ಟರಲ್ಲಿ ಹಲವು ಸುತ್ತು ಆಗಿಹೋಗಿರುತ್ತದೆ.

ಹಂತ 6: ಕೇಬಲ್ ಇಳಿಸುವುದು

ಮೋಟಾರು ನಿಂತಿರುವಾಗಲೇ ಕೈಯಿಂದ ಕೇಬಲ್ ಎಳೆದು ಪೈಪಿನೊಳಗೆ ಹೋಗುವಷ್ಟು ತಳ್ಳಿ. ಕನಿಷ್ಠ ಒಂದು ಮೊಳವಾದರೂ ಒಳಗಿರಲಿ. ಹೊರಗೆ ತಿರುಗುವ ಹೆಡ್ ಚಾಟಿಯಾಗುತ್ತದೆ. ಹೆಡ್ಡಿನಿಂದ ನಾಲ್ಕೈದು ಅಡಿ ಹಿಂದೆ ಕೇಬಲ್ಲಿಗೆ ಬಣ್ಣದ ಟೇಪಿನ ಗುರುತು ಹಾಕಿಡಿ. ವಾಪಸ್ ಎಳೆಯುವಾಗ ಹೆಡ್ ಹತ್ತಿರ ಬಂತೆಂದು ಅದೇ ಹೇಳುತ್ತದೆ. ಡ್ರಮ್ಮಿನ ಕಡೆಯ ತುದಿಗೂ ಒಂದು ಗುರುತು ಬೇಕು, ಪೂರ್ತಿ ಕೇಬಲ್ ಹೊರಗೆ ಬಿಡಬಾರದು.

ಮೆಷಿನ್ನಿನ ದಿಕ್ಕು ಬದಲಿಸುವ ಗುಂಡಿ ‘ಫಾರ್ವರ್ಡ್’ನಲ್ಲಿ ಇರಲಿ. ಎರಡೂ ಕೈ ಕೇಬಲ್ ಮೇಲೆ ಇಟ್ಟ ಮೇಲೆಯೇ ಕಾಲು ಒತ್ತಿ. ನೀರು ಸಣ್ಣಗೆ ಹರಿಯುತ್ತಿರಲಿ, ಕತ್ತರಿಸಿದ್ದನ್ನು ಅದು ತೊಳೆದುಕೊಂಡು ಹೋಗುತ್ತದೆ. ಒಂದು ಗೇಣು ತಳ್ಳಿ, ತಿರುಗಲು ಬಿಡಿ, ಮತ್ತೆ ಒಂದು ಗೇಣು. ಬೆಂಡು ಬಂದಾಗ ಕೇಬಲ್ ತುಸು ತಡೆಯುತ್ತದೆ, ನಿಧಾನವಾಗಿ ಒತ್ತಿದರೆ ತಿರುಗುತ್ತಲೇ ದಾಟುತ್ತದೆ.

ಹಂತ 7: ಅಡ್ಡಿ ಸಿಕ್ಕಾಗ

ಇಡೀ ಕೆಲಸದ ಕೌಶಲ ಇರುವುದು ಇಲ್ಲಿ. ಹೆಡ್ ಅಡ್ಡಿಗೆ ತಾಗಿದಾಗ ಮೂರು ಸೂಚನೆಗಳು ಬರುತ್ತವೆ. ಮೋಟಾರಿನ ದನಿ ಇಳಿದು ನರಳಿದಂತಾಗುತ್ತದೆ. ಕೇಬಲ್ ಮುಂದೆ ಹೋಗುವುದು ನಿಲ್ಲುತ್ತದೆ. ಅಂಗೈಯಲ್ಲಿ ನೆಟ್ಟಗಿದ್ದ ಕೇಬಲ್ ಪಕ್ಕಕ್ಕೆ ಬಾಗಿ ಮಣಿಕಟ್ಟಿನ ಕಡೆ ಏಳಲು ನೋಡುತ್ತದೆ. ಮೂರನೆಯದು ಕಂಡ ತಕ್ಷಣ ಕಾಲು ತೆಗೆಯಿರಿ. ಡ್ರಮ್ಮು ತಿರುಗುತ್ತಿದೆ, ಕೈಯಲ್ಲಿರುವ ಕೇಬಲ್ ತಿರುಗುತ್ತಿಲ್ಲ ಎಂದರೆ ತಿರುಚು ತುಂಬುತ್ತಿದೆ ಎಂದೇ ಅರ್ಥ.

ಕಾಲು ತೆಗೆದ ಮೇಲೂ ಕೈ ಸಡಿಲಿಸಬೇಡಿ. ತುಂಬಿದ ತಿರುಚು ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ, ಅದು ಶಾಂತವಾಗುವ ತನಕ ಹಿಡಿದಿರಿ. ನಂತರ ಕೇಬಲ್ಲನ್ನು ಒಂದು ಗೇಣು ಹಿಂದಕ್ಕೆ ಎಳೆದು, ಬಿಡಿಸಿ, ಮತ್ತೆ ಕಾಲು ಒತ್ತಿ, ಹೆಡ್ ತಿರುಗುತ್ತಿರುವಾಗಲೇ ಅಡ್ಡಿಗೆ ಮೆಲ್ಲಗೆ ತಾಗಿಸಿ. ಹಿಂದೆ ಮುಂದೆ, ಹಿಂದೆ ಮುಂದೆ. ಸ್ವಲ್ಪಸ್ವಲ್ಪವೇ ಕೆರೆದು ತಿನ್ನಿಸಬೇಕು. ಬಲ ಹಾಕಿ ಒತ್ತಿದವರಿಗೆ ಕೆಲಸ ಬೇಗ ಮುಗಿಯುವುದಿಲ್ಲ, ಕೇಬಲ್ ಮಾತ್ರ ಬೇಗ ಗಂಟಾಗುತ್ತದೆ. ಕೆಲವು ಮೆಷಿನ್‌ಗಳಲ್ಲಿ ಒತ್ತಡ ಹೆಚ್ಚಿದರೆ ಜಾರುವ ಕ್ಲಚ್ ಇರುತ್ತದೆ. ಅದನ್ನು ನಂಬಿ ಕೈಯ ಎಚ್ಚರ ಬಿಡಬೇಡಿ, ಅದು ಜಾರುವ ಮೊದಲೇ ಕೈ ತಿರುಚಿಹೋಗಬಹುದು.

ಪಿವಿಸಿ ಪೈಪಿನಲ್ಲಿ ಹಲ್ಲಿನ ಕಟರ್ ಒಂದೇ ಜಾಗದಲ್ಲಿ ತಿರುಗುತ್ತ ನಿಂತರೆ ಪೈಪನ್ನೇ ಕೊರೆಯುತ್ತದೆ. ಹಳೆಯ ಮನೆಗಳ ಸ್ಟೋನ್‌ವೇರ್ ಪೈಪಿನಿಂದ ಕೇಬಲ್ ಕೆಂಪು ಮಣ್ಣನ್ನೋ ಜಲ್ಲಿಯನ್ನೋ ತಂದರೆ ಪೈಪು ಒಡೆದಿದೆ. ನಿಲ್ಲಿಸಿ, ಅಲ್ಲಿ ಅಗೆದು ಪೈಪ್ ಬದಲಿಸಬೇಕೇ ವಿನಾ ಮೆಷಿನ್ನಿನಿಂದ ಆಗುವುದು ಏನೂ ಇಲ್ಲ.

ಹಂತ 8: ಸಿಕ್ಕಿಬಿದ್ದರೆ

‘ರಿವರ್ಸ್’ ಇರುವುದು ಸಿಕ್ಕಿಕೊಂಡ ಹೆಡ್ಡನ್ನು ಬಿಡಿಸಲು ಮಾತ್ರ. ಮೋಟಾರು ಪೂರ್ತಿ ನಿಂತ ಮೇಲೆಯೇ ಗುಂಡಿ ಬದಲಿಸಿ, ಕೆಲವೇ ಸುತ್ತು ತಿರುಗಿಸುತ್ತ ಕೇಬಲ್ ಎಳೆಯಿರಿ. ಹೆಡ್ ಬಿಟ್ಟಿತೆಂದರೆ ನಿಲ್ಲಿಸಿ, ಮತ್ತೆ ಫಾರ್ವರ್ಡ್. ರಿವರ್ಸಿನಲ್ಲೇ ಕೆಲಸ ನಡೆಸಿದರೆ ಕೇಬಲ್ಲಿನ ಸುರುಳಿ ಬಿಚ್ಚಿಕೊಂಡು ಹಾಳಾಗುತ್ತದೆ. ಯಾವ ರೀತಿಯಲ್ಲೂ ಬಿಡದಿದ್ದರೆ ಪ್ಲಗ್ ಕಿತ್ತು ಅನುಭವಸ್ಥರನ್ನು ಕರೆಯಿರಿ. ಗಾಡಿಗೆ ಕಟ್ಟಿ ಎಳೆಯುವ ಸಾಹಸ ಮಾಡಬೇಡಿ.

ಹಂತ 9: ವಾಪಸ್ ಎಳೆಯುವುದು

ನೀರು ಸರಾಗವಾಗಿ ಇಳಿದ ಮೇಲೂ ಹೆಡ್ಡನ್ನು ಅದೇ ಜಾಗದಲ್ಲಿ ಹಲವು ಸಲ ಆಡಿಸಿ, ಗೋಡೆಗಂಟಿದ ಜಿಡ್ಡು ಬಿಡಲಿ. ಫಾರ್ವರ್ಡ್‌ನಲ್ಲೇ ತಿರುಗಿಸುತ್ತ, ನೀರು ಬಿಟ್ಟು ಕೇಬಲ್ ತೊಳೆಯುತ್ತ ಹಿಂದಕ್ಕೆ ತನ್ನಿ. ಟೇಪಿನ ಗುರುತು ಕಂಡಿತೇ, ಮೋಟಾರು ನಿಲ್ಲಿಸಿ. ಉಳಿದ ನಾಲ್ಕೈದು ಅಡಿಯನ್ನು ಕೈಯಲ್ಲೇ ಎಳೆದು ಡ್ರಮ್ಮಿಗೆ ಸೇರಿಸಿ. ಕೆಲಸ ಮುಗಿದ ಖುಷಿಯಲ್ಲಿ ಕಾಲು ಒತ್ತಿಕೊಂಡೇ ಇದ್ದು, ಹೊರಬಂದ ಹೆಡ್ ಮುಖಕ್ಕೆ ಹೊಡೆಯುವುದು ಈ ಗಳಿಗೆಯಲ್ಲೇ.

ಹಂತ 10: ಮುಗಿದ ಮೇಲೆ

ಪ್ಲಗ್ ಕಿತ್ತ ಮೇಲೆ ಹೆಡ್ ಬಿಚ್ಚಿ. ಕೇಬಲ್ ತೊಳೆದು, ಡ್ರಮ್ಮಿನೊಳಗಿನ ನೀರು ಚೆಲ್ಲಿ, ಒರೆಸಿ, ಎಣ್ಣೆ ಸವರಿ. ಹಿಂದೆ ಆಸಿಡ್ ಬಿದ್ದಿದ್ದ ಪೈಪಿನಲ್ಲಿ ಓಡಿದ ಕೇಬಲ್ಲನ್ನು ಹಾಗೇ ಒಳಗಿಟ್ಟರೆ ತುಕ್ಕು ತಿಂದು ಮುಂದಿನ ಕೆಲಸದಲ್ಲಿ ತುಂಡಾಗುತ್ತದೆ. ಒಂದು ಕಡೆ ಮಡಿಚಿ ನೆರಿಗೆ ಬಿದ್ದಿದ್ದರೂ ಆ ಕೇಬಲ್ ಬದಲಿಸಿ.

ಗ್ಲೌಸು ಕಳಚಿ ಮೊಣಕೈ ತನಕ ಸೋಪಿನಲ್ಲಿ ತೊಳೆಯಿರಿ, ಬಟ್ಟೆ ಬೇರೆ ಒಗೆಯಿರಿ. ಅದಕ್ಕೆ ಮೊದಲು ಕಾಫಿ, ಎಲೆ ಅಡಿಕೆ ಯಾವುದನ್ನೂ ಬಾಯಿಗೆ ಹಾಕಬೇಡಿ. ಗೀರು ಗಾಯವಾಗಿದ್ದರೆ ಟೆಟನಸ್ ಚುಚ್ಚುಮದ್ದು ಹಾಕಿಸಿಕೊಂಡು ಎಷ್ಟು ವರ್ಷವಾಯಿತು ಎಂದು ನೋಡಿಕೊಳ್ಳಿ. ಮೋರಿ ನೀರಿನಲ್ಲಿ ಇಲಿಯ ಮೂತ್ರ ಬೆರೆತಿರಬಹುದು, ಅದರಿಂದ ಇಲಿಜ್ವರ ಬರಬಹುದು. ತಿಂಗಳೊಳಗೆ ಜ್ವರ, ತಲೆನೋವು, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಮೆಡಿಕಲ್ ಅಂಗಡಿಯ ಮಾತ್ರೆ ನುಂಗಿ ಮಲಗದೆ ವೈದ್ಯರ ಬಳಿ ಹೋಗಿ. ‘ಇಂಥ ದಿನ ಚರಂಡಿ ಕೆಲಸ ಮಾಡಿದ್ದೆ’ ಎಂದು ನೀವಾಗಿಯೇ ಹೇಳಿ, ಅವರು ಕೇಳಲಿ ಎಂದು ಕಾಯಬೇಡಿ.